‘ಸ್ವಾವ್ಲಿ’ (suavely) ಅಂದರೆ ಬರೀ ‘ನಯವಾಗಿ’ ಅಂತಲೇ? ಒಂದು ಪದಕ್ಕೆ ಸಿಕ್ಕಿಕೊಂಡಿದ್ದೇನೆ

ಕಥೆಹುಳು
ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಪತ್ತೇದಾರಿ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಾರೂ ಕೇಳಿಲ್ಲ, ಸುಮ್ನೆ ನನ್ನ ಖುಷಿಗೆ. ಮೂರನೇ ಪುಟದಲ್ಲೇ ಗಾಡಿ ನಿಂತಿದೆ.

ಸಂದರ್ಭ ಇಷ್ಟು. ಒಬ್ಬ ಸಾಹುಕಾರನ ಮನೆಗೆ ಇನ್ಸ್‌ಪೆಕ್ಟರ್ ಬರುತ್ತಾನೆ. ಒಡವೆ ಪೆಟ್ಟಿಗೆ ಕಾಣೆಯಾಗಿದೆ. ಸಾಹುಕಾರ ಎದ್ದು ನಿಂತು, ಕೈ ಕುಲುಕಿ, ‘ಯಾವ ಪೆಟ್ಟಿಗೆ?’ ಎಂದು ಕೇಳುತ್ತಾನೆ. ಹೇಗೆ ಕೇಳುತ್ತಾನೆ? ‘ಸ್ವಾವ್ಲಿ’ ಕೇಳುತ್ತಾನೆ.

ನಿಘಂಟು ತೆಗೆದರೆ ನಯವಾಗಿ, ಸೌಜನ್ಯದಿಂದ, ಮೋಹಕವಾಗಿ ಅಂತೆಲ್ಲ ಇದೆ. ಒಂದೊಂದನ್ನೂ ಹಾಕಿ ನೋಡಿದೆ. ‘ಸೌಜನ್ಯದಿಂದ ಕೇಳಿದ’ ಅಂದರೆ ಯಾರೋ ಪಾಪದ ಮನುಷ್ಯ ಅನಿಸುತ್ತದೆ. ‘ಮೋಹಕವಾಗಿ ಕೇಳಿದ’ ಅಂದರೆ ಇವನಿಗೆ ಇನ್ಸ್‌ಪೆಕ್ಟರ್ ಮೇಲೆ ಮನಸ್ಸಾಗಿದೆಯೇನೋ ಅನಿಸುತ್ತದೆ. ‘ನಯವಾಗಿ ಕೇಳಿದ’ ಅಂದರೆ ಇವನೇ ಕಳ್ಳ ಅಂತ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಕಳ್ಳ ಇವನೇ ನಿಜ. ಆದರೆ ಅದು ಕೊನೆಯಲ್ಲಿ ಗೊತ್ತಾಗಬೇಕು!

ಏನು ಮಾಡಲಿ?

ತಲೆಹರಟೆ
ಕೊನೆಯಲ್ಲಿ ಗೊತ್ತಾಗಬೇಕಾದ್ದನ್ನು ನಮಗೆಲ್ಲ ಈಗಲೇ ಹೇಳಿಬಿಟ್ಟಿರಲ್ಲ ಮಾರಾಯ್ರೇ. ಒಬ್ಬ ಓದುಗ ಕಮ್ಮಿ ಆದ.

ಮಳೆಹನಿ
suave ಅನ್ನುವುದನ್ನು ‘ಸ್ವಾವ್’ ಅಂತ ಹೇಳಬೇಕಾ? ನಾನು ಇಷ್ಟು ವರ್ಷ ‘ಸ್ವೇವ್’ ಎಂದೇ ಓದಿಕೊಂಡು ಬಂದಿದ್ದೇನೆ. ವೇವ್, ಸೇವ್, ಬ್ರೇವ್ ಎಲ್ಲ ಹಾಗೇ ಇವೆಯಲ್ಲ. ಒಮ್ಮೆ ಆಫೀಸಿನ ಮೀಟಿಂಗಿನಲ್ಲಿ ಜೋರಾಗಿ ಹೇಳಿದ್ದೂ ಇದೆ. ಯಾರೂ ನಗಲಿಲ್ಲ. ಅವರಿಗೂ ಗೊತ್ತಿರಲಿಲ್ಲವೋ, ಅಥವಾ ಎಲ್ಲರೂ ಸ್ವಾವ್ ಆಗಿ ಸುಮ್ಮನಿದ್ದರೋ.

ಹಳೇಮೇಷ್ಟ್ರು
ಮಳೆಹನಿ ಅವರೇ, ನಾಚಿಕೊಳ್ಳುವಂಥದ್ದೇನಿಲ್ಲ. ಹಳೆಯ ಇಂಗ್ಲಿಷ್ ನಿಘಂಟುಗಳಲ್ಲಿ ‘ಸ್ವೇವ್’ ಉಚ್ಚಾರಣೆಯೂ ಇತ್ತು. ಈಗ ಎಲ್ಲರೂ ‘ಸ್ವಾವ್’ ಎನ್ನುತ್ತಾರೆ. ‘ಸ್ವಾವ್ ಅಂಡ್ ಡೆಬೊನೇರ್’ ಎಂಬುದನ್ನು ‘ಸ್ವೇವ್ ಅಂಡ್ ಡಿಬೋನರ್’ ಅಂತ ಬೇಕಂತಲೇ ತಪ್ಪಾಗಿ ಹೇಳಿ ನಗಿಸುವ ಹಳೇ ಜೋಕೊಂದು ಇಂಗ್ಲಿಷಿನಲ್ಲೇ ಇದೆ. ಅಂದರೆ ಅವರಿಗೂ ಇದು ತೊಡಕಿನ ಪದವೇ.

ಈಗ ಕಥೆಹುಳು ಅವರ ಪ್ರಶ್ನೆ. ನನಗೆ ಮೊದಲು ಬೇರು ನೋಡುವ ಚಟ, ಸ್ವಲ್ಪ ಸಹಿಸಿಕೊಳ್ಳಿ.

ಈ ಪದ ಲ್ಯಾಟಿನ್‌ನ ‘ಸುಆವಿಸ್’ ಇಂದ ಫ್ರೆಂಚ್ ದಾರಿ ಹಿಡಿದು ಇಂಗ್ಲಿಷಿಗೆ ಬಂತು. ಲ್ಯಾಟಿನ್‌ನಲ್ಲಿ ಅರ್ಥ ಸಿಹಿ, ಹಿತ. ಹೂವಿನ ವಾಸನೆಗೂ ಹೇಳುತ್ತಿದ್ದರು, ದನಿಗೂ ಹೇಳುತ್ತಿದ್ದರು. ಅದರ ಜೊತೆ ಹುಟ್ಟಿದ ಅಕ್ಕತಂಗಿಯರು ಯಾರು ಗೊತ್ತೇ? ಇಂಗ್ಲಿಷಿನ ‘ಸ್ವೀಟ್’. ಗ್ರೀಕಿನ ‘ಹೇಡುಸ್’, ಅಂದರೆ ಹಿತವಾದದ್ದು. ‘ಹೆಡೊನಿಸಂ’, ಅಂದರೆ ಸುಖವೇ ಮುಖ್ಯ ಎನ್ನುವ ವಾದ, ಆ ಮನೆತನದ್ದೇ. ಮತ್ತೆ ಸಂಸ್ಕೃತದ ‘ಸ್ವಾದು’. ನಾವು ದಿನಾ ಹೇಳುವ ಸ್ವಾದ, ಸ್ವಾದಿಷ್ಟ ಎಲ್ಲ ಅದೇ ಮನೆಯವು. ‘ಸ್ವಾವ್’ ಮತ್ತು ‘ಸ್ವಾದ’ ಎರಡನ್ನೂ ಒಟ್ಟಿಗೆ ಹೇಳಿ ನೋಡಿ, ಕಿವಿಗೇ ಗೊತ್ತಾಗುತ್ತದೆ.

‘ಸ್ವೀಟ್’ನಲ್ಲಿ ‘ಟ’ ಯಾಕೆ ಬಂತು ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ಸಂಸ್ಕೃತದಲ್ಲಿ ‘ದ’ ಇರುವ ಕಡೆ ಇಂಗ್ಲಿಷಿನಲ್ಲಿ ‘ಟ’ ಇರುವುದು ಒಂದು ಕ್ರಮ. ದ್ವಿ ಅಲ್ಲಿ ಟೂ, ದಶ ಅಲ್ಲಿ ಟೆನ್, ದಂತ ಅಲ್ಲಿ ಟೂತ್, ಪಾದ ಅಲ್ಲಿ ಫುಟ್. ಹಾಗೇ ಸ್ವಾದು, ಸ್ವೀಟ್.

ಇನ್ನೊಂದು ಇದೆ, ಅದು ನನಗೆ ಬಹಳ ಇಷ್ಟ. ‘ಪರ್ಸ್ವೇಡ್’, ಅಂದರೆ ಒಪ್ಪಿಸು, ಮನವೊಲಿಸು. ಅದೂ ಇದೇ ಬೇರಿನದು. ಒಬ್ಬರನ್ನು ಒಪ್ಪಿಸುವುದು ಅಂದರೆ ಮೂಲದಲ್ಲಿ ಅವರಿಗೆ ವಿಷಯವನ್ನು ಸಿಹಿ ಮಾಡಿ ಕೊಡುವುದು. ನಿಮ್ಮ ಸಾಹುಕಾರ ಮಾಡುತ್ತಿರುವುದೂ ಅದೇ ಅಲ್ವಾ?

ಕಥೆಹುಳು
ಮೇಷ್ಟ್ರೇ, ಖುಷಿಯಾಯಿತು. ಆದರೆ ‘ಯಾವ ಪೆಟ್ಟಿಗೆ ಎಂದು ಸ್ವಾದಿಷ್ಟವಾಗಿ ಕೇಳಿದ’ ಅಂತ ಬರೆಯಲಾಗುವುದಿಲ್ಲವಲ್ಲ. :)

ನೀಲಿಶಾಯಿ
ಬೇರು ಗೊತ್ತಿದ್ದರೆ ಚೆಂದ. ಆದರೆ ಪದ ಈಗ ಎಲ್ಲಿ ಓಡಾಡುತ್ತಿದೆ ಅನ್ನುವುದನ್ನು ಬೇರು ಹೇಳುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಇದೇ ಪದಕ್ಕೆ ‘ಮೆತ್ತಗಿನ’ ಎಂದು ಅರ್ಥ. ಬಟ್ಟೆಗೂ ಹೇಳುತ್ತಾರೆ, ಚರ್ಮಕ್ಕೂ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಬಟ್ಟೆಗೆ ಹಾಗೆ ಹೇಳಿದರೆ ಯಾರಿಗೂ ಅರ್ಥವಾಗದು. ಅಲ್ಲಿ ಅದು ಮನುಷ್ಯರಿಗೆ ಅಂಟಿಕೊಂಡಿದೆ. ಅದರಲ್ಲೂ ಜಾಸ್ತಿ ಗಂಡಸರಿಗೆ. ನಿಘಂಟುಗಳೇ ‘ಮುಖ್ಯವಾಗಿ ಗಂಡಸರ ಬಗ್ಗೆ’ ಎಂದು ಸೂಚಿಸುತ್ತವೆ.

ನಾನು ಅನುವಾದದ ಕೆಲಸದಲ್ಲಿ ಇರುವವಳು. ನನಗೆ ಕಂಡಂತೆ ‘ಸ್ವಾವ್ಲಿ’ ಬರುವುದು ಕೆಲವೇ ಕ್ರಿಯಾಪದಗಳ ಜೊತೆ. ಹೇಳಿದ, ಕೇಳಿದ, ಉತ್ತರಿಸಿದ, ಮುಗುಳ್ನಕ್ಕ, ತಲೆ ಬಾಗಿಸಿದ. ಉಡುಗೆ ತೊಟ್ಟ ರೀತಿಗೂ ಬರುತ್ತದೆ. ಆದರೆ ಯಾರೂ ‘ಸ್ವಾವ್ಲಿ’ ಅಳುವುದಿಲ್ಲ, ಓಡುವುದಿಲ್ಲ, ಸೀನುವುದಿಲ್ಲ. ತನ್ನ ಮೇಲೆ ಪೂರ್ತಿ ಹಿಡಿತ ಇರುವವನು ಮಾಡುವ ಕೆಲಸಗಳಿಗೆ ಮಾತ್ರ ಇದು ಒಗ್ಗುತ್ತದೆ. ನನ್ನ ಪ್ರಕಾರ ಪದದ ಜೀವ ಇರುವುದು ಅಲ್ಲಿ. ಸಿಹಿಯಲ್ಲಿ ಅಲ್ಲ, ಹಿಡಿತದಲ್ಲಿ.

ಪಕ್ಕದ ಪದಗಳ ಜೊತೆ ಇಟ್ಟು ನೋಡಿ. ‘ಚಾರ್ಮಿಂಗ್ಲಿ’ ಅಂದರೆ ಎದುರಿನವರಿಗೆ ಏನಾಯಿತು ಎಂಬುದರ ಮೇಲೆ ಕಣ್ಣು. ಅವರು ಕರಗಿದರು, ಅಷ್ಟು ಸಾಕು. ಹಾಗಾಗಿ ನಾಲ್ಕು ವರ್ಷದ ಮಗುವೂ ‘ಚಾರ್ಮಿಂಗ್’ ಆಗಬಹುದು, ಪುಟ್ಟ ಮನೆಯೂ ಆಗಬಹುದು, ಒಂದು ಪತ್ರವೂ ಆಗಬಹುದು. ಮಗು ‘ಸ್ವಾವ್’ ಆಗಿದ್ದರೆ ಮಾತ್ರ ಹೆದರಬೇಕು! ‘ಗ್ರೇಶಸ್ಲಿ’ಯಲ್ಲಿ ದೊಡ್ಡ ಮನಸ್ಸಿದೆ. ಸೋತವರು ಗೆದ್ದವರನ್ನು ಮೆಚ್ಚಿದರೆ ಅದು ‘ಗ್ರೇಶಸ್ಲಿ’, ‘ಸ್ವಾವ್ಲಿ’ ಅಲ್ಲ. ‘ಪೊಲೈಟ್ಲಿ’ ಬರೀ ಮರ್ಯಾದೆ, ಅದರಲ್ಲಿ ಮಿಂಚಿಲ್ಲ. ‘ಗ್ಲಿಬ್ಲಿ’ ಅಂದರೆ ನಾಲಿಗೆ ಜಾರುಬಂಡೆ, ಯೋಚನೆ ಇಲ್ಲ. ‘ಅಂಕ್ಚುಅಸ್ಲಿ’ ಅಂದರೆ ಎಣ್ಣೆ ಸುರಿಯುತ್ತಿದೆ, ಮುಟ್ಟಿದರೆ ಕೈ ಜಿಡ್ಡು. ಆ ಪದದ ಮೂಲ ಅರ್ಥವೇ ಎಣ್ಣೆ ಸವರುವುದು.

‘ಸ್ವಾವ್ಲಿ’ ನಿಂತಿರುವುದು ಚಾರ್ಮಿಂಗ್‌ಗೂ ಎಣ್ಣೆಗೂ ನಡುವೆ. ಎಣ್ಣೆ ಇದೆ, ಆದರೆ ಕಾಣುತ್ತಿಲ್ಲ.

ಮಳೆಹನಿ
‘ಎಣ್ಣೆ ಇದೆ, ಆದರೆ ಕಾಣುತ್ತಿಲ್ಲ’. ಇದನ್ನು ಬರೆದಿಟ್ಟುಕೊಂಡೆ.

ಇದನ್ನು ಓದುವಾಗ ನನ್ನ ಒಂದು ಇಂಟರ್‌ವ್ಯೂ ನೆನಪಾಯಿತು. ಕಂಪನಿ ಹೆಸರು ಬೇಡ. ಎದುರಿಗೆ ಕೂತಿದ್ದವರು ಅರ್ಧ ಗಂಟೆ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ಹೊರಗೆ ಬಂದು ಮನೆಗೆ ಫೋನ್ ಮಾಡಿ ‘ಕೆಲಸ ಆಯ್ತು’ ಅಂದೆ. ಅರ್ಧ ದಾರಿಯಲ್ಲಿ ಹೊಳೆಯಿತು, ಅವರು ಇಲ್ಲ ಎಂದಿದ್ದರು! ನಾನು ಥ್ಯಾಂಕ್ಸ್ ಹೇಳಿ, ಕೈ ಕುಲುಕಿ ಬಂದಿದ್ದೆ. ಸಿಟ್ಟು ಬರಲು ಎರಡು ದಿನ ಬೇಕಾಯಿತು.

ನೀಲಿಶಾಯಿ
ಅದೇ! ಅವರು ‘ಸ್ವಾವ್ಲಿ’ ಬೇಡ ಅಂದರು. ಕನ್ನಡದಲ್ಲಿ ನಾವು ಅದನ್ನೇ ‘ನಯವಾಗಿ ಬೇಡ ಅಂದರು’, ‘ನಯವಾಗಿ ಜಾರಿಕೊಂಡರು’ ಅನ್ನುತ್ತೇವೆ. ಅಲ್ಲಿ ‘ನಯವಾಗಿ’ ನೂರಕ್ಕೆ ನೂರು ಕೂರುತ್ತದೆ.

ಪದಬೇಟೆ
ತಡವಾಗಿ ಬಂದೆ, ಕ್ಷಮಿಸಿ. ‘ನಯ’ದ ಬಗ್ಗೆ ಎರಡು ಮಾತು. ಸಂಸ್ಕೃತದಲ್ಲಿ ಅದು ‘ನಡೆಸು’ ಎಂಬ ಬೇರಿನಿಂದ ಬಂದದ್ದು. ನಡತೆ, ನೀತಿ ಎಂದು ಅರ್ಥ. ವಿನಯವೂ ಅದರ ಕಡೆಯದೇ. ಕನ್ನಡಕ್ಕೆ ಬಂದ ಮೇಲೆ ಅದು ಮೈಗೂ ಇಳಿಯಿತು. ನೆಲ ನಯ, ಬಟ್ಟೆ ನಯ, ಮಾತು ನಯ. ಅಂದರೆ ಸ್ಪ್ಯಾನಿಷ್‌ನ ಮೆತ್ತಗೂ ಇಂಗ್ಲಿಷಿನ ನಾಜೂಕೂ ಎರಡೂ ನಮ್ಮ ಒಂದೇ ಪದದಲ್ಲಿವೆ. ಇಷ್ಟೇ ಆಗಿದ್ದರೆ ಒಳ್ಳೆಯದಿತ್ತು. ‘ನಯವಂಚಕ’ ಎಂಬ ಪದ ಬಂದು ಅದರ ಹೆಸರು ಕೆಡಿಸಿತು. ಬಾಯಿ ಬೆಲ್ಲ, ಕರುಳು ಕತ್ತರಿ ಅನ್ನುವ ಗಾದೆಯನ್ನು ಕೇಳಿ ಬೆಳೆದವರಿಗೆ ನಯವಾದ ಮಾತು ಕೇಳಿದ ಕೂಡಲೇ ಕೈ ಜೇಬಿಗೆ ಹೋಗುತ್ತದೆ. ಕಥೆಹುಳು ಅವರ ತೊಂದರೆ ಹುಟ್ಟಿದ್ದೇ ಇಲ್ಲಿ.

ಇಂಗ್ಲಿಷಿನವರದೂ ಇದೇ ಕಥೆ. ‘ಚಾರ್ಮ್’ ಬಂದದ್ದು ಹಾಡು, ಮಂತ್ರ ಎಂಬ ಅರ್ಥದ ಲ್ಯಾಟಿನ್ ಪದದಿಂದ. ನಾವು ‘ಮಾತಲ್ಲೇ ಮೋಡಿ ಮಾಡಿದ’ ಅನ್ನುತ್ತೇವಲ್ಲ, ಮೋಡಿಯೂ ಮಾಟಮಂತ್ರದ ಆಟವೇ. ಚೆಂದದ ಮಾತು ಕಂಡರೆ ಎಲ್ಲರಿಗೂ ಮೊದಲು ಮಾಟದ ಅನುಮಾನ.

ಇನ್ನೂ ತಮಾಷೆ ಇದೆ. ‘ಗ್ಲಾಮರ್’ ಎಂಬ ಪದ ‘ಗ್ರಾಮರ್’ ಇಂದ ಹುಟ್ಟಿದ್ದು, ಸ್ಕಾಟ್‌ಲೆಂಡಿನವರ ಬಾಯಲ್ಲಿ. ಓದು ಬರಹ ಬಲ್ಲವನಿಗೆ ಮಾಟವೂ ಗೊತ್ತಿರುತ್ತದೆ ಎಂದು ಜನ ನಂಬಿದ್ದರು. ವ್ಯಾಕರಣ ಹೋಗಿ ಮಾಟವಾಯಿತು, ಮಾಟ ಹೋಗಿ ಥಳುಕಾಯಿತು. ನಮ್ಮಲ್ಲಿ ‘ಬಿನ್ನಾಣ’ ಇದೆಯಲ್ಲ? ಅದು ‘ವಿಜ್ಞಾನ’ದ ತದ್ಭವ. ತಿಳಿವಳಿಕೆ, ಕುಶಲತೆ ಎಂದಿದ್ದದ್ದು ಬರುಬರುತ್ತಾ ಬೆಡಗು, ಒಯ್ಯಾರ ಆಯಿತು. ಎರಡು ಭಾಷೆಗಳು ಒಂದನ್ನೊಂದು ಕೇಳದೆ ಒಂದೇ ದಾರಿ ಹಿಡಿದಿವೆ.

ಮಳೆಹನಿ
ಆದರೆ ಒಂದು ವ್ಯತ್ಯಾಸ ನೋಡಿ. ಇಂಗ್ಲಿಷಿನ ‘ಸ್ವಾವ್’ ಗಂಡಸರ ಪಾಲಿಗೆ ಬಿತ್ತು. ನಮ್ಮ ಬಿನ್ನಾಣ, ಬೆಡಗು, ಒಯ್ಯಾರ ಎಲ್ಲ ಹೆಂಗಸರ ಪಾಲಿಗೆ. ಗಂಡಸರಿಗೆ ನಾವು ಇಟ್ಟಿರುವುದು ಠೀವಿ, ಗತ್ತು. ಅವು ಎದೆ ಉಬ್ಬಿಸುವ ಪದಗಳು. ಎದುರಿನವರನ್ನು ಹಗುರ ಮಾಡುವ ಗುಣ ಅವಕ್ಕಿಲ್ಲ. ಹಿತವಾಗಿ ನಡೆದುಕೊಳ್ಳುವ ಗಂಡಸಿಗೆ ಅಂತಲೇ ಒಂದು ಪದ ಕನ್ನಡದಲ್ಲಿ ಇಲ್ಲವೇ?

ತಲೆಹರಟೆ
ಪದ ಇರಲಿ, ಮೊದಲು ಅಂಥ ಗಂಡಸು ಸಿಗಲಿ.

ಬರಿಮಾತು
ನೀವೆಲ್ಲ ಪದ ಹುಡುಕುತ್ತಿದ್ದೀರಿ. ನನಗೆ ಪದವೇ ಬೇಡ ಅನಿಸುತ್ತದೆ.

ಇಂಗ್ಲಿಷ್ ಕಥೆಗಳಲ್ಲಿ ‘ಹೇಳಿದ’ ಎಂಬುದರ ಬಾಲಕ್ಕೆ ಒಂದು ‘ಲಿ’ ಕಟ್ಟುವ ಅಭ್ಯಾಸ ಇದೆ. ಆಂಗ್ರಿಲಿ ಹೇಳಿದ, ಸ್ಯಾಡ್ಲಿ ಹೇಳಿದ, ಸ್ವಾವ್ಲಿ ಹೇಳಿದ. ಅವರ ಒಳ್ಳೆಯ ಬರಹಗಾರರೇ ಇದನ್ನು ಬಿಡಿ ಎಂದು ಬೈಯುತ್ತಾರೆ. ಆ ಬಾಲವನ್ನು ನಾವು ಕನ್ನಡಕ್ಕೆ ಹೊತ್ತು ತಂದು ಎಲ್ಲದಕ್ಕೂ ‘ವಾಗಿ’ ಅಂಟಿಸಿದರೆ ಕಥೆ ಸರ್ಕಾರಿ ಸುತ್ತೋಲೆ ಆಗುತ್ತದೆ. ಕೋಪಯುತವಾಗಿ ಹೇಳಿದ, ದುಃಖಭರಿತವಾಗಿ ಹೇಳಿದ. ಯಾರು ಹೀಗೆ ಮಾತಾಡುತ್ತಾರೆ?

ಕನ್ನಡದ ಕ್ರಿಯಾಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಗದರಿದ, ರೇಗಿದ, ಗೊಣಗಿದ, ಪಿಸುಗುಟ್ಟಿದ, ರಮಿಸಿದ, ಪುಸಲಾಯಿಸಿದ. ಇವುಗಳಲ್ಲಿ ‘ಹೇಗೆ’ ಎಂಬುದು ಒಳಗೇ ಇದೆ. ಕ್ರಿಯಾಪದ ಸಿಗದ ಕಡೆ ಕೈಕಾಲು ಆಡಿಸಿ. ನಿಮ್ಮ ಸಾಹುಕಾರ ಪ್ರಶ್ನೆ ಕೇಳುವ ಮೊದಲು ಕುರ್ಚಿ ಎಳೆದುಕೊಡಲಿ. ಪ್ರಶ್ನೆ ಕೇಳಿ ಆದ ಮೇಲೆ ಕಿಟಕಿ ಪರದೆ ಸರಿಸಲಿ, ಬಿಸಿಲು ಇನ್ಸ್‌ಪೆಕ್ಟರ್ ಕಣ್ಣಿಗೆ ಬೀಳದ ಹಾಗೆ. ಮುಗಿಯಿತು. ಓದುಗನಿಗೆ ಮನುಷ್ಯ ಕಾಣುತ್ತಾನೆ. ಕಳ್ಳನೋ ಸಂಭಾವಿತನೋ ಅವನೇ ತೀರ್ಮಾನ ಮಾಡಿಕೊಳ್ಳಲಿ.

ಹಳೇಮೇಷ್ಟ್ರು
ಬರಿಮಾತು ಅವರೇ, ಪರದೆ ಮೂಲದಲ್ಲಿ ಇದೆಯೇ? ಇಲ್ಲದಿದ್ದರೆ ನೀವು ಅನುವಾದ ಮಾಡುತ್ತಿಲ್ಲ, ಕಥೆ ಬರೆಯುತ್ತಿದ್ದೀರಿ.

ಇನ್ನೊಂದು ತಕರಾರು. ಈ ಪದದಲ್ಲಿ ಮೆಚ್ಚುಗೆ ಮತ್ತು ಅನುಮಾನ ಎರಡೂ ಒಟ್ಟಿಗೆ ಇರುವುದು ಸುಮ್ಮನೆ ಅಲ್ಲ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಲಾರ್ಡ್ ಚೆಸ್ಟರ್‌ಫೀಲ್ಡ್ ಎಂಬ ದೊಡ್ಡ ಮನುಷ್ಯ ಇದ್ದ. ಮಗನಿಗೆ ವರ್ಷಗಟ್ಟಲೆ ಪತ್ರ ಬರೆದ. ಹೇಗೆ ನಿಲ್ಲಬೇಕು, ಹೇಗೆ ನಗಬೇಕು, ಜನರನ್ನು ಹೇಗೆ ಒಲಿಸಿಕೊಳ್ಳಬೇಕು, ಇದೇ ಪಾಠ. ಅವನಿಗೆ ಪ್ರಿಯವಾದ ಒಂದು ಲ್ಯಾಟಿನ್ ಮಾತಿತ್ತು. ‘ಸುಆವಿತೆರ್ ಇನ್ ಮೊದೊ, ಫೊರ್ತಿತೆರ್ ಇನ್ ರೆ’. ಅಂದರೆ ನಡೆದುಕೊಳ್ಳುವುದು ನಯವಾಗಿ, ಕೆಲಸ ಮಾತ್ರ ಗಟ್ಟಿಯಾಗಿ. ಅಲ್ಲಿನ ‘ಸುಆವಿತೆರ್’ ನಮ್ಮ ‘ಸ್ವಾವ್ಲಿ’ಯ ಅಜ್ಜಿ.

ಚೆಸ್ಟರ್‌ಫೀಲ್ಡ್ 1773ರಲ್ಲಿ ತೀರಿಕೊಂಡ. ಮರುವರ್ಷ ಆ ಪತ್ರಗಳು ಅಚ್ಚಾದವು. ನಿಘಂಟು ಮಾಡಿದ ಸ್ಯಾಮ್ಯುಯೆಲ್ ಜಾನ್ಸನ್ ಅವುಗಳನ್ನು ಓದಿ ಹರಿಹಾಯ್ದ. ಇವು ಕಲಿಸುವ ನೀತಿ ಹಾದರದ್ದು, ನಡವಳಿಕೆ ಕುಣಿತದ ಮೇಷ್ಟ್ರದ್ದು ಎಂಬರ್ಥದಲ್ಲಿ ಬೈದ. ಜಾನ್ಸನ್‌ಗೆ ಹಳೆಯ ಸಿಟ್ಟೂ ಇತ್ತು ಬಿಡಿ. ನಿಘಂಟಿನ ಕೆಲಸ ನಡೆಯುವಾಗ ಬಾಗಿಲಲ್ಲಿ ಕಾಯಿಸಿ, 1755ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಹೊಗಳಲು ಬಂದ ಚೆಸ್ಟರ್‌ಫೀಲ್ಡ್‌ಗೆ ಅವನು ಬರೆದ ಖಾರದ ಪತ್ರ ಇವತ್ತಿಗೂ ಹೆಸರುವಾಸಿ.

ಆ ಜಗಳ ಇಡೀ ಈ ಪದದೊಳಗೆ ಕೂತಿದೆ ಅಂತ ನನಗೆ ಅನಿಸುತ್ತದೆ. ಒಬ್ಬನಿಗೆ ಅದು ಕಲೆ, ಇನ್ನೊಬ್ಬನಿಗೆ ಮೋಸ. ಪದ ತೆಗೆದುಬಿಟ್ಟರೆ ಆ ಜಗಳವೂ ಹೋಗುತ್ತದೆ.

ಬರಿಮಾತು
ಒಪ್ಪಿದೆ, ಪರದೆ ನನ್ನದೇ. ಕುರ್ಚಿಯಾದರೂ ಇರಲಿ.

ತಲೆಹರಟೆ
ಒಂದು ದಡ್ಡ ಪ್ರಶ್ನೆ, ಈ ಸಲ ನಿಜವಾಗಿ. ‘ಲಿ’ ಇದ್ದರೆ ಎಲ್ಲವೂ ‘ವಾಗಿ’ ಅಂತ ಶಾಲೆಯಲ್ಲಿ ಕಲಿತೆ. ಹಾಗಾದರೆ ‘ಫ್ರೆಂಡ್ಲಿ’ ಅಂದರೆ ಸ್ನೇಹವಾಗಿ ಅಂತಾನಾ? ‘ಹಿ ಸ್ಮೈಲ್ಡ್ ಫ್ರೆಂಡ್ಲಿ’ ಅಂತ ಬರೆದು ಒಮ್ಮೆ ಕೆಂಪು ಗೆರೆ ಹಾಕಿಸಿಕೊಂಡಿದ್ದೇನೆ.

ನೀಲಿಶಾಯಿ
ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಲೀಚ್’ ಎಂದರೆ ದೇಹ, ಆಕಾರ. ಹೆಸರಿಗೆ ಅದನ್ನು ಸೇರಿಸಿದರೆ ‘ಅದರ ಆಕಾರದ, ಅದರ ಹಾಗಿನ’ ಎಂದಾಗುತ್ತಿತ್ತು. ಫ್ರೆಂಡ್ಲಿ ಅಂದರೆ ಗೆಳೆಯನ ಹಾಗಿರುವ. ಅದು ಗುಣ ಹೇಳುವ ಪದ. ಲವ್ಲಿ, ಕೋರ್ಟ್ಲಿ ಕೂಡ ಅಷ್ಟೇ. ಸ್ವಾವ್, ಚಾರ್ಮಿಂಗ್ ತರಹದ ಗುಣದ ಪದಕ್ಕೇ ಸೇರಿಸಿದರೆ ಮಾತ್ರ ಅದು ‘ವಾಗಿ’. ಹಾಗಾಗಿ ‘ಫ್ರೆಂಡ್ಲಿ’ಯನ್ನು ನಗುವಿನ ಜೊತೆ ತರಬೇಕಾದರೆ ‘ಇನ್ ಎ ಫ್ರೆಂಡ್ಲಿ ವೇ’ ಎಂದು ಸುತ್ತಿ ಬಳಸಿ ಹೇಳಬೇಕು. ಅಂದಹಾಗೆ, ಜರ್ಮನ್‌ನಲ್ಲಿ ಆ ‘ಲೀಚ್’ನ ಬೇರಿನದೇ ಪದಕ್ಕೆ ಈಗ ಹೆಣ ಎಂದು ಅರ್ಥ!

ತಲೆಹರಟೆ
ಸಾಕು, ಇವತ್ತಿಗೆ ಇಷ್ಟು ಗ್ರಾಮರಿನ ಗ್ಲಾಮರ್ ಸಾಕು.

ಕಥೆಹುಳು
ಎಲ್ಲರಿಗೂ ಥ್ಯಾಂಕ್ಸ್. ಬರಿಮಾತು ಅವರ ದಾರಿ ಹಿಡಿದು ಪದ ತೆಗೆದು ನೋಡಿದೆ. ಮೂರನೇ ಪುಟಕ್ಕೆ ಅದು ಹೊಂದುತ್ತದೆ. ಆದರೆ ಈಗ ಪೂರ್ತಿ ಕಥೆ ಮತ್ತೆ ಓದಿದೆ. ಮೊದಲೇ ಓದಬೇಕಿತ್ತು, ಬೈಯಬೇಡಿ. ಈ ‘ಸ್ವಾವ್ಲಿ’ ಕಥೆಯಲ್ಲಿ ಮೂರು ಸಲ ಬರುತ್ತದೆ. ಎರಡನೆಯದು ನಡುವೆ, ಸಾಹುಕಾರ ತನ್ನ ಕೋಣೆ ಹುಡುಕಬಾರದೆಂದು ಇನ್ಸ್‌ಪೆಕ್ಟರನ್ನು ತೋಟಕ್ಕೆ ಕರೆದುಕೊಂಡು ಹೋಗುವಾಗ. ಮೂರನೆಯದು ಕೊನೆಯಲ್ಲಿ, ಇನ್ಸ್‌ಪೆಕ್ಟರನ ಬಾಯಲ್ಲಿ. ಕೈಕೋಳ ತೆಗೆದು, ‘ನೀವು ಇದನ್ನೂ ಸ್ವಾವ್ಲಿ ಬೇಡ ಅನ್ನುವುದಾದರೆ ಅನ್ನಿ’ ಎನ್ನುತ್ತಾನೆ. ಅಂದರೆ ಅವನು ಇಷ್ಟು ಹೊತ್ತು ಅದನ್ನು ಗಮನಿಸುತ್ತಿದ್ದ. ಪದವನ್ನು ಎಲ್ಲ ಕಡೆ ಕಿತ್ತುಹಾಕಿದರೆ ಆ ಮಾತಿಗೆ ಕಾಲೇ ಇರುವುದಿಲ್ಲ.

ಪದಬೇಟೆ
ಹಾಗಾದರೆ ಸುಲಭವಾಯಿತು! ಮೊದಲ ಸಲ ಕುರ್ಚಿ ಮಾತ್ರ. ಎರಡನೇ ಸಲ, ತೋಟದ ಕಡೆ ತಿರುಗಿಸುವಾಗ, ‘ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಮಾತು ಬದಲಿಸಿದ’ ಅನ್ನಿ. ಓದುಗನಿಗೆ ಅಲ್ಲಿ ಮೊದಲ ಬಾರಿ ಸಣ್ಣ ಅನುಮಾನ ಬರಲಿ. ಕೊನೆಗೆ ಇನ್ಸ್‌ಪೆಕ್ಟರ್ ಆ ‘ನಯ’ವನ್ನೇ ಹಿಡಿದು ಹೊಡೆಯಲಿ. ಪದ ಕೆಟ್ಟ ಹೆಸರು ಹೊತ್ತಿರುವುದೇ ಇಲ್ಲಿ ಲಾಭ.

ನೀಲಿಶಾಯಿ
ಬೆಣ್ಣೆಯ ಉಪಮೆ ಸ್ವಲ್ಪ ಜಾಸ್ತಿ ಆಯಿತೇನೋ. ಅಷ್ಟು ಬಣ್ಣ ಮೂಲದಲ್ಲಿ ಇಲ್ಲ. ‘ನಯವಾಗಿ ಮಾತು ತಿರುಗಿಸಿದ’, ಸಾಕು. ಉಳಿದದ್ದು ಸರಿ.

ಕಥೆಹುಳು
ಬರೆದು ನೋಡಿದೆ. ಹೀಗಿದೆ:

ಮೊದಲನೆಯದು: ‘ಯಾವ ಪೆಟ್ಟಿಗೆ?’ ಎನ್ನುತ್ತಾ ಸಾಹುಕಾರ ಕುರ್ಚಿ ಎಳೆದುಕೊಟ್ಟ. ಕೂತ ಮೇಲಷ್ಟೇ ಇನ್ಸ್‌ಪೆಕ್ಟರ್‌ಗೆ ಪ್ರಶ್ನೆ ಕೇಳಬೇಕಾದವನು ತಾನು ಎಂದು ನೆನಪಾಯಿತು.

(ಎರಡನೇ ವಾಕ್ಯ ನನ್ನದು. ಮೇಷ್ಟ್ರೇ, ಕ್ಷಮೆ ಇರಲಿ.)

ಎರಡನೆಯದು: ‘ಗುಲಾಬಿ ಈಗಷ್ಟೇ ಬಿಟ್ಟಿದೆ, ನೋಡದೆ ಹೋಗುವುದುಂಟೇ’ ಎಂದು ನಯವಾಗಿ ಮಾತು ತಿರುಗಿಸಿದ.

ಮೂರನೆಯದು: ‘ಇದನ್ನೂ ನಯವಾಗಿ ಬೇಡ ಅನ್ನುವುದಾದರೆ ಅನ್ನಿ ಸಾರ್’ ಎಂದು ಇನ್ಸ್‌ಪೆಕ್ಟರ್ ಕೈಕೋಳ ಮುಂದೆ ಹಿಡಿದ.

ಹಳೇಮೇಷ್ಟ್ರು
ಎರಡನೇ ವಾಕ್ಯಕ್ಕೆ ಕ್ಷಮೆ ಕೊಟ್ಟೆ. ಪರದೆಗಿಂತ ಚೆನ್ನಾಗಿದೆ.

ಮಳೆಹನಿ
ಕಳ್ಳ ಅಂತ ಗೊತ್ತಾದ ಮೇಲೂ ಇನ್ಸ್‌ಪೆಕ್ಟರ್ ‘ಸಾರ್’ ಅನ್ನುತ್ತಾನಾ?

ಕಥೆಹುಳು
ಅನ್ನಲೇಬೇಕು. ಇಷ್ಟು ಹೊತ್ತು ಅವನಿಂದ ಕಲಿತದ್ದನ್ನು ಅವನಿಗೇ ವಾಪಸ್ ಕೊಡುತ್ತಿದ್ದಾನೆ.

ತಲೆಹರಟೆ
ಅಂದರೆ ಕೈಕೋಳವನ್ನು ಸ್ವಾವ್ಲಿ ಹಾಕಿದ. ನಾಲ್ಕನೆಯದು ಸಿಕ್ಕಿತು ನೋಡಿ, ಅನುವಾದ ಮಾಡಿ ಈಗ.